ನೊರೆ ಬಂದ ಕೂಡಲೇ ತೊಳೆಯಬೇಡಿ

"ಡಾಕ್ಟ್ರೇ, ಈ ಶಾಂಪೂನೂ ಕೆಲಸ ಮಾಡಲಿಲ್ಲ." ತಲೆಹೊಟ್ಟಿನವರು ಬಂದರೆ ಬಹಳಷ್ಟು ಸಲ ಇದೇ ಮೊದಲ ಮಾತು. ಯಾವ ಶಾಂಪೂ ಅಂತ ನಾನು ಕೇಳುವುದು ಆಮೇಲೆ. ಹಚ್ಚಿ ಎಷ್ಟು ಹೊತ್ತು ಬಿಟ್ಟಿರಿ ಅಂತ ಮೊದಲು ಕೇಳುತ್ತೇನೆ.

ಒಬ್ಬ ಹುಡುಗ ಮೂರು ಖಾಲಿ ಬಾಟಲಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಕೀಟೋಕೋನಜೋಲ್, ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್. ಮೂರೂ ಒಳ್ಳೆಯ ಔಷಧಗಳೇ. "ಹೇಗೆ ಹಚ್ಚುತ್ತೀಯ, ತೋರಿಸಪ್ಪ" ಎಂದೆ. ಕುರ್ಚಿಯಲ್ಲಿ ಕೂತೇ ಕೂದಲನ್ನು ಗಸಗಸ ಉಜ್ಜಿ ತೋರಿಸಿದ. 20 ಸೆಕೆಂಡ್ ಕೂಡ ಆಗಿರಲಿಲ್ಲ. "ಆಮೇಲೆ ತೊಳೆಯೋದು, ಅಷ್ಟೇ" ಎಂದ. ಮೂರು ಬಾಟಲಿ ಔಷಧ ಸುಮ್ನೆ ಬಚ್ಚಲು ಸೇರಿತ್ತು. ಬೈಯಲು ಮನಸ್ಸು ಬರಲಿಲ್ಲ. ಅವನಿಗೆ ಯಾರೂ ಹೇಳಿಯೇ ಇರಲಿಲ್ಲ.

ಮಾಮೂಲಿ ಶಾಂಪೂ ಕೊಳೆ ತೆಗೆದರೆ ಸಾಕು. ಇದು ಹಾಗಲ್ಲ, ಇದು ಔಷಧ. ಮಲಸೀಜಿಯಾ ಅನ್ನುವ ಫಂಗಸ್ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಚರ್ಮದ ಜಿಡ್ಡೇ ಅದಕ್ಕೆ ಊಟ. ಅದು ಜಿಡ್ಡನ್ನು ಒಡೆದಾಗ ಹುಟ್ಟುವ ಆಮ್ಲಗಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಲ್ಲಿಂದಲೇ ತುರಿಕೆ, ಹೊಟ್ಟು. ಈ ಫಂಗಸ್‌ನ ಹೊರಪೊರೆಗೆ ಎರ್ಗೋಸ್ಟೆರಾಲ್ ಅನ್ನುವ ಕೊಬ್ಬಿನಂಥ ವಸ್ತು ಬೇಕು. ಅದು ತಯಾರಾಗದಂತೆ ಕೀಟೋಕೋನಜೋಲ್ ತಡೆಯುತ್ತದೆ. ಅದಕ್ಕೆ ಔಷಧ ನೆತ್ತಿಯ ಮೇಲೆ ಸ್ವಲ್ಪ ಹೊತ್ತು ಕೂರಬೇಕಲ್ವಾ?

ಹಾಗಾಗಿ ಕೂದಲು ಸರಿಸಿ, ಬೆರಳ ತುದಿಯಿಂದ ಚರ್ಮಕ್ಕೇ ಹಚ್ಚಿ. ಕೂದಲಿಗಲ್ಲ, ಚರ್ಮಕ್ಕೆ. 3ರಿಂದ 5 ನಿಮಿಷ ಹಾಗೇ ಬಿಡಿ. ಅಂದಾಜು ಬೇಡ, ಗಡಿಯಾರ ನೋಡಿ. ಕಾಯುವಾಗ 1 ನಿಮಿಷವೂ 5 ನಿಮಿಷದ ಹಾಗೆ ಅನ್ನಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆಯಿರಿ.

ಶೇಕಡಾ 2ರ ಕೀಟೋಕೋನಜೋಲ್ ಆದರೆ ಸಾಮಾನ್ಯವಾಗಿ ವಾರಕ್ಕೆ 2 ಸಲ, 2ರಿಂದ 4 ವಾರ. ಹೊಟ್ಟು ಹೋಯಿತೆಂದು ಪೂರ್ತಿ ನಿಲ್ಲಿಸಬೇಡಿ. ಫಂಗಸ್ ಅಲ್ಲೇ ಇರುತ್ತದೆ, ಮತ್ತೆ ಹೆಚ್ಚುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಚ್ಚುತ್ತಿರಿ. ಸೆಲೆನಿಯಂ ಸಲ್ಫೈಡ್ ಬಳಸುವವರು ಆಭರಣ ತೆಗೆದಿಡಿ. ಡೈ ಮಾಡಿದ ಕೂದಲಿನ ಬಣ್ಣವನ್ನೂ ಅದು ಕೆಡಿಸಬಹುದು.

ಆ ಹುಡುಗನಿಗೆ ಹೊಸದೇನೂ ಬರೆದುಕೊಡಲಿಲ್ಲ. ಹಳೆಯ ಕೀಟೋಕೋನಜೋಲ್ ಅನ್ನೇ ಬರೆದೆ, ಫೋನಿನಲ್ಲಿ ಅಲಾರಂ ಇಡಿಸಿದೆ. ತಿಂಗಳ ನಂತರ ಕಪ್ಪು ಅಂಗಿ ಹಾಕಿಕೊಂಡು ಬಂದ. ನನಗೇ ಜಾಸ್ತಿ ಖುಷಿ.

ಸರಿಯಾಗಿ ಹಚ್ಚಿ 4 ವಾರವಾದರೂ ಕಡಿಮೆಯಾಗದಿದ್ದರೆ ಇನ್ನೊಂದು ಬಾಟಲಿ ಕೊಳ್ಳಬೇಡಿ, ವೈದ್ಯರಿಗೆ ತೋರಿಸಿ. ಅದು ಸೋರಿಯಾಸಿಸ್ ಅನ್ನುವ ಚರ್ಮರೋಗ ಇರಬಹುದು. ಮಕ್ಕಳ ತಲೆಯಲ್ಲಿ ಹೊಟ್ಟಿನ ಜೊತೆ ಕೂದಲೂ ಅಲ್ಲಲ್ಲಿ ಉದುರಿದ್ದರೆ ಕಾಯುತ್ತಾ ಕೂರಲೇಬೇಡಿ. ಹುಳಕಡ್ಡಿಯಾಗಿದ್ದರೆ ಬರೀ ಶಾಂಪೂ ಸಾಲದು, ಹೊಟ್ಟೆಗೆ ಔಷಧ ಕೊಡಲೇಬೇಕು.