ಎದೆ ಡವಡವ, ಆಕ್ಸಿಜನ್ 98

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ಕಾಲ. ಬೆಳಿಗ್ಗೆ ಎದ್ದು ಮೊಬೈಲ್ ತೆರೆದರೆ, ಶಿರಸಿ ಕಡೆಯ ಬಿ.ಎಸ್ಸಿ. ಹುಡುಗನೊಬ್ಬ ರಾತ್ರಿ ಮೂರೂಕಾಲಕ್ಕೆ ಕಳಿಸಿದ್ದ ಫೋಟೊ. ಭೌತಶಾಸ್ತ್ರದ ರೆಕಾರ್ಡ್ ಪುಸ್ತಕದ ಕೊನೆಯ ಪುಟಕ್ಕೆ ಸ್ಕೇಲ್ ಹಿಡಿದು ಮೂರು ಕಾಲಂ ಎಳೆದಿದ್ದಾನೆ: ಸಮಯ, ಆಕ್ಸಿಜನ್, ನಾಡಿ. ಜೊತೆಗೆ ಒಂದು ಸಾಲು: ‘ಸರ್, ಎದೆ ಡವಡವ ಎನ್ನುತ್ತಿದೆ, ಉಸಿರು ಸಾಲುತ್ತಿಲ್ಲ, ಆಸ್ಪತ್ರೆಗೆ ಹೋಗಬೇಕೇ?’

ಆಕ್ಸಿಜನ್ ಎಲ್ಲ ಸಾಲಿನಲ್ಲೂ 98 ಇಲ್ಲವೇ 99. ನಾಡಿ 104, 112, 118. ನನ್ನ ಕಣ್ಣು ನಿಂತದ್ದು ಸಮಯದ ಮೇಲೆ. 12.40, 1.10, 1.25, 2.05, 2.50. ಹಗಲಿನದು ಒಂದೂ ಇಲ್ಲ.

ನಾನಾಗ ವಿಶ್ವವಿದ್ಯಾಲಯವೊಂದರ ಆರೋಗ್ಯ ಕೇಂದ್ರದ ವೈದ್ಯ. 2020ರ ಮಾರ್ಚ್‌ನಲ್ಲಿ ಹಾಸ್ಟೆಲುಗಳು ಖಾಲಿಯಾದ ಮೇಲೆ ನನ್ನ ರೋಗಿಗಳೆಲ್ಲ ಊರೂರಿಗೆ ಚದುರಿದ್ದರು. ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದಿತ್ತು; ಅಲ್ಲಿಂದ ಮುಂದೆ ಫೋನೇ ನನ್ನ ಸ್ಟೆತಾಸ್ಕೋಪ್.

ಏಳು ಗಂಟೆಗೆ ಕರೆ ಮಾಡಿದರೆ ತಾಯಿ ಎತ್ತಿದರು. ‘ಈಗಷ್ಟೇ ಮಲಗಿದ್ದಾನೆ ಡಾಕ್ಟರೇ, ಎಬ್ಬಿಸಬೇಕೇ?’ ಎಬ್ಬಿಸಿ ಎಂದೆ. ಅಂಗಳದಲ್ಲಿ ಆರು ನಿಮಿಷ ನಡೆಯಲು ಹೇಳಿ, ಮತ್ತೆ ಬೆರಳಿಗೆ ಆಕ್ಸಿಜನ್ ಅಳೆಯುವ ಯಂತ್ರ ಹಾಕಿಸಿದೆ. 97. ಇದು 94ಕ್ಕಿಂತ ಕೆಳಗೆ ಬಂದಿದ್ದರೆ ಮಾತೇ ಬೇರೆ, ಅವನನ್ನು ಆಗಲೇ ವಾಹನ ಹತ್ತಿಸಬೇಕಾಗುತ್ತಿತ್ತು. (ತಣ್ಣನೆಯ ಬೆರಳು, ಉಗುರುಬಣ್ಣ ಎರಡೂ ಈ ಯಂತ್ರವನ್ನು ದಾರಿ ತಪ್ಪಿಸುತ್ತವೆ. ಅದೆಷ್ಟು ಮನೆಗಳಲ್ಲಿ ಸುಮ್ಮನೆ ಗಾಬರಿಯಾಯಿತೋ!)

ಹೆದರಿದಾಗ ಅಡ್ರಿನಲಿನ್ ಏರುತ್ತದೆ, ನಾಡಿ ಓಡುತ್ತದೆ, ಉಸಿರಾಟ ಜೋರಾಗುತ್ತದೆ. ಹಾಗೆ ಉಸಿರು ಬಿಡುತ್ತಾ ಹೋದರೆ ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಕೂಡ ಉಳಿಯುವುದಿಲ್ಲ. ಬೆರಳ ತುದಿ ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ, ಆಕ್ಸಿಜನ್ ಬೇಕಾದಷ್ಟಿದ್ದರೂ ಸಾಲದು ಅನ್ನಿಸುತ್ತದೆ. ಕೋವಿಡ್ ನ್ಯುಮೋನಿಯಾದಲ್ಲಿ ಕೆಲವರಿಗೆ ಇದು ತಿರುಗುಮುರುಗು: ಆಕ್ಸಿಜನ್ ಕುಸಿದಿರುತ್ತದೆ, ಆದರೂ ಏದುಸಿರಿಲ್ಲ. ಆದ್ದರಿಂದ ರೋಗಿಯನ್ನು ನಡೆಸಿ, ಅಳೆದು ನೋಡುವ ಮೊದಲು ‘ನಿನ್ನದು ಬರೀ ಟೆನ್ಷನ್’ ಎಂಬ ಮಾತನ್ನು ಯಾರೂ ಆಡಬಾರದು.

ರಾತ್ರಿ ಎಚ್ಚರ ಯಾಕಪ್ಪಾ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು ಹೇಳಿದ: ಎರಡು ವಾರದ ಹಿಂದೆ ಅಪ್ಪನಿಗೆ ಉಸಿರು ಕಟ್ಟಿದ್ದು ರಾತ್ರಿ, ತಾನು ಗೊರಕೆ ಹೊಡೆಯುತ್ತಿದ್ದಾಗ. ಅಪ್ಪ ಗುಣವಾಗಿ ಮನೆಗೆ ಬಂದಿದ್ದಾರೆ, ಮಗ ಕಾವಲು ಕೂತಿದ್ದಾನೆ. ಅಪ್ಪನ ಬೆರಳಿಗೆ ಒಮ್ಮೆ, ತನ್ನದಕ್ಕೆ ನಾಲ್ಕು ಬಾರಿ.

ಇಂಥವರಿಗೆ ‘ಬೇಗ ಮಲಗು’ ಎಂದರೆ ಕೆಲಸಕ್ಕೆ ಬಾರದು. ನಿದ್ದೆಯನ್ನು ಹುಕುಂ ಮಾಡಿ ಕರೆಯಲಾಗುವುದಿಲ್ಲ, ಏಳುವುದು ಮಾತ್ರ ನಮ್ಮ ಕೈಯಲ್ಲಿದೆ. ಹಾಸ್ಟೆಲಿನಲ್ಲಿ ಮೆಸ್ಸಿನ ಗಂಟೆ, ಎಂಟರ ಬಸ್ಸು, ಹಾಜರಿ ಕೂಗು ಸೇರಿ ದೇಹದ ಗಡಿಯಾರಕ್ಕೆ ದಿನವೂ ಕೀಲಿ ಕೊಡುತ್ತಿದ್ದವು. ಆನ್‌ಲೈನ್ ಪಾಠಕ್ಕೆ ಹಾಸಿಗೆಯಿಂದ ಏಳುವ ಅಗತ್ಯವೇ ಇರಲಿಲ್ಲ. ಯಾವಾಗಲಾದರೂ ಮಲಗು, ಆರೂವರೆಗೆ ಎದ್ದು ಅರ್ಧ ಗಂಟೆ ಬಿಸಿಲಿಗೆ ಬಾ, ಹಗಲು ಮಲಗಬೇಡ, ಸಂಜೆ ಚಹಾ ಬಿಡು ಎಂದೆ. ಮಲಗುವ ಮುನ್ನ ಅಪ್ಪ ತಮ್ಮದನ್ನು ತಾವೇ ಅಳೆದು ಮಗನಿಗೆ ತೋರಿಸಬೇಕೆಂದು ಅವರಿಗೂ ಹೇಳಿದೆ. ಕಣ್ಣುರಿ, ಕುತ್ತಿಗೆನೋವುಗಳ ದೂರೂ ಇತ್ತು. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಏರಿಸಿಟ್ಟರೆ ಅದರಲ್ಲಿ ಅರ್ಧ ಮುಗಿಯುತ್ತದೆ.

ಎಡವಿದ್ದೂ ಇದೆ. ಕಲಬುರಗಿ ಕಡೆಯ ಎಂ.ಎ. ಹುಡುಗಿಗೂ ಇದೇ ಎದೆಬಡಿತ, ಸುಸ್ತು. ಮೈಕ್ ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ರೊಟ್ಟಿ ಬಡಿಯುತ್ತಾ ಪಾಠ ಕೇಳುತ್ತಿದ್ದಳು. ಗಂಡುಮಕ್ಕಳು ಮನೆಗೆ ಬಂದದ್ದು ರಜೆಯಾದರೆ, ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಬಂದದ್ದು ಒಲೆಯ ಮುಂದಕ್ಕೆ. ಪರೀಕ್ಷೆ ನಡೆಯುವುದೋ ಇಲ್ಲವೋ ಎಂಬ ಅತಂತ್ರ ಬೇರೆ. ಅಂತಿಮ ವರ್ಷದ ಪರೀಕ್ಷೆ ನಡೆಸಲೇಬೇಕೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2020ರ ಜುಲೈನಲ್ಲಿ ಹೇಳಿದ್ದು ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು ಆಗಸ್ಟ್ 28 ಆಯಿತು. ಇಷ್ಟೆಲ್ಲ ಕೇಳಿದ ನಾನು ಆತಂಕವೆಂದೇ ತೀರ್ಮಾನಿಸಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮೂರು ವಾರವಾದರೂ ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.6! ಎದುರಿಗೆ ಕೂತಿದ್ದರೆ ಕೆಳರೆಪ್ಪೆ ಎಳೆದು ನೋಡಿ ಮೊದಲ ದಿನವೇ ಹಿಡಿಯುತ್ತಿದ್ದೆ. ರಕ್ತ ಕಡಿಮೆಯಾದರೆ ಇದ್ದುದನ್ನೇ ಬೇಗ ಬೇಗ ತಿರುಗಿಸಲು ಹೃದಯ ಓಡುತ್ತದೆ. ಕಬ್ಬಿಣದ ಮಾತ್ರೆ ಬರೆದೆ, ಚಹಾದ ಜೊತೆ ನುಂಗಬೇಡ ಎಂದೆ. ಆತಂಕವೂ ಸುಳ್ಳಾಗಿರಲಿಲ್ಲ, ಎರಡೂ ಇದ್ದವು. ನಾನು ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಟ್ಟಿದ್ದೆ.

ಅಂದಿನಿಂದ ನಿದ್ದೆ, ಊಟ, ಮುಟ್ಟು ಮೂರನ್ನೂ ಕೇಳದೆ ಫೋನ್ ಇಡುವುದಿಲ್ಲ. ಮೊದಲಿನಿಂದಲೂ ಕೇಳುತ್ತಿರುವ ಇನ್ನೊಂದು ಪ್ರಶ್ನೆಯಿದೆ: ಸಾಯುವ ಯೋಚನೆ ಬರುತ್ತದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಪೋಷಕರು ಅಂಜುತ್ತಾರೆ. ಹುಟ್ಟುವುದಿಲ್ಲ, ಒಳಗಿದ್ದುದು ಬಾಯಿಗೆ ಬರುತ್ತದೆ, ಎಷ್ಟೋ ಸಲ ಅಳುವಿನ ಜೊತೆ. ಹೌದು ಎಂದವರನ್ನು ಆ ರಾತ್ರಿ ಒಬ್ಬರೇ ಇರಲು ಬಿಡಬಾರದು. ಆಗ ನಿಮ್ಹಾನ್ಸ್ ಸಹಾಯವಾಣಿಗೆ ಜೋಡಿಸುತ್ತಿದ್ದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮೂರು ವಾರದ ನಂತರ ಶಿರಸಿಯ ಹುಡುಗನಿಂದ ಮತ್ತೊಂದು ಫೋಟೊ ಬಂತು. ಅದೇ ಪುಟಕ್ಕೆ ‘ಎದ್ದದ್ದು’ ಎಂಬ ಹೊಸ ಕಾಲಂ ಸೇರಿತ್ತು: 8.15, 7.30, 7.00, 6.40. ಆಕ್ಸಿಜನ್ ಕಾಲಂ ನಡುವೆಯೇ ಖಾಲಿ ಬಿದ್ದಿತ್ತು. ಏಕೆಂದು ಕೇಳಿದೆ.

‘ಯಂತ್ರವನ್ನು ಆಶಾ ಕಾರ್ಯಕರ್ತೆ ವಾಪಸ್ ಒಯ್ದರು ಸರ್. ಮೇಲಿನ ಮನೆಯ ಅಜ್ಜಿಗೆ ಬೇಕಂತೆ.’