ಹೊದಿಸುವ ಮೊದಲು ಬಟ್ಟೆ ಕಳಚಿ

ಮೆಡಿಟರೇನಿಯನ್ ಸಮುದ್ರದಲ್ಲಿ ದೋಣಿಗಳಲ್ಲಿ ಬರುವ ವಲಸಿಗರನ್ನು ಕಾಪಾಡುವ ರಕ್ಷಣಾ ಹಡಗುಗಳಿಗೆ ಹೊರಡುವ ವೈದ್ಯರು, ನರ್ಸ್‌ಗಳು ನನಗೆ ಆಗಾಗ ಬರೆಯುತ್ತಾರೆ. ಬ್ರಿಟನ್, ಐರ್ಲೆಂಡ್‌ಗಳಲ್ಲಿ ದುಡಿಯುತ್ತಿರುವ ಮಂಗಳೂರು, ಉಡುಪಿ ಕಡೆಯವರೂ ಅವರಲ್ಲಿದ್ದಾರೆ. ಯಾವ ಔಷಧ ಒಯ್ಯಬೇಕು, ತಲೆಸುತ್ತು ವಾಂತಿಗೆ ಏನು ಮಾಡಬೇಕು, ಅರಬ್ಬಿ ಭಾಷೆಯ ಎಷ್ಟು ಮಾತು ಬರಬೇಕು ಎಂದು ಕೇಳುತ್ತಾರೆ. ಅವರು ಕೇಳದ ಒಂದು ಸಂಗತಿಯನ್ನು ನಾನು ಪ್ರತಿ ಉತ್ತರದಲ್ಲೂ ಬರೆಯುತ್ತೇನೆ. ಓದುತ್ತಾರೆ, ಒಪ್ಪುತ್ತಾರೆ, ಮೊದಲ ದೋಣಿ ಕಂಡ ಕೂಡಲೇ ಮರೆಯುತ್ತಾರೆ. ನಡುಗುತ್ತಾ ಹಡಗು ಹತ್ತಿದ ಹೆಂಗಸಿಗೆ ಒದ್ದೆ ಬಟ್ಟೆಯ ಮೇಲೆಯೇ ಆ ಹೊಳೆಯುವ ಬಂಗಾರದ ಬಣ್ಣದ ಹಾಳೆ ಹೊದಿಸಿ, ಹೆಗಲು ತಟ್ಟಿ, ಮುಂದಿನವರ ಕಡೆಗೆ ಓಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಆ ಹಾಳೆಯ ಕೆಳಗೆ, ಬಟ್ಟೆ ಹೀರಿಕೊಂಡ ಪೆಟ್ರೋಲಿಗೆ ಆಕೆಯ ತೊಡೆಯ ಚರ್ಮ ಕರಗುತ್ತಲೇ ಇರುತ್ತದೆ.

ಈ ಅಭ್ಯಾಸ ಎಲ್ಲಿಂದ ಬಂತೆಂದು ನನಗೆ ಗೊತ್ತು. 2015ರಲ್ಲಿ ಸಮುದ್ರ ದಾಟಿ ಯುರೋಪಿಗೆ ಬಂದವರು 10 ಲಕ್ಷಕ್ಕೂ ಹೆಚ್ಚು. ಅವರಲ್ಲಿ 8 ಲಕ್ಷಕ್ಕೂ ಮಿಕ್ಕಿದವರು ಗ್ರೀಸಿನ ದ್ವೀಪಗಳಿಗೆ, ಅದರಲ್ಲೂ ಲೆಸ್ಬೋಸ್‌ಗೆ ಬಂದಿಳಿದರು. ಟರ್ಕಿಯ ದಡದಿಂದ ಲೆಸ್ಬೋಸ್‌ನ ಉತ್ತರ ದಡಕ್ಕೆ ಸುಮಾರು 10 ಕಿ.ಮೀ. ದೂರ. ಗಂಟೆ ಎರಡು ಗಂಟೆಯ ದಾರಿ. ಅಲ್ಲಿ ದೊಡ್ಡ ಶತ್ರು ಚಳಿ. ದಡದಲ್ಲಿ ನಿಂತ ಸ್ವಯಂಸೇವಕರು ಮಕ್ಕಳಿಗೆ ಹಾಳೆ ಹೊದಿಸುವ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ನೆರವು ಎಂದರೆ ಆ ಹಾಳೆ ಎಂಬಂತಾಯಿತು.

ಲಿಬಿಯಾದ ದಾರಿ ಬೇರೆ. ಅಲ್ಲಿಂದ ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಸುಮಾರು 300 ಕಿ.ಮೀ. ರಬ್ಬರ್ ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನ, ಒಂದು ಸಣ್ಣ ಎಂಜಿನ್, ಜೊತೆಗೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಪೆಟ್ರೋಲ್. ಅಲೆಗಳ ಮೇಲೆ ಕುಲುಕುತ್ತಲೇ ಎಂಜಿನ್ನಿಗೆ ಪೆಟ್ರೋಲ್ ಸುರಿಯಬೇಕು. ಅದು ಚೆಲ್ಲುತ್ತದೆ, ಕ್ಯಾನು ಉರುಳುತ್ತದೆ, ಜೊತೆಗೆ ಸಮುದ್ರದ ನೀರೂ ಒಳಗೆ ಬರುತ್ತದೆ. ಗಂಡಸರು ಅಂಚಿನ ಗಾಳಿಕೊಳವೆಗಳ ಮೇಲೆ ಒಂದು ಕಾಲು ಹೊರಗೆ ಹಾಕಿ ಕೂರುತ್ತಾರೆ. ನಡುವೆ ಕ್ಷೇಮವೆಂದು ಹೆಂಗಸರನ್ನೂ ಮಕ್ಕಳನ್ನೂ ದೋಣಿಯ ತಳದಲ್ಲಿ ಕೂರಿಸುತ್ತಾರೆ. ಚೆಲ್ಲಿದ್ದೆಲ್ಲ ಹರಿದು ನಿಲ್ಲುವುದು ಆ ತಳದಲ್ಲೇ. ಪ್ರೀತಿಯಿಂದ ಆರಿಸಿಕೊಟ್ಟ ಜಾಗವೇ ದೋಣಿಯ ಅತ್ಯಂತ ಅಪಾಯದ ಜಾಗ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಇಂದಿಗೂ ಕಷ್ಟ.

2016ರ ಜುಲೈ 20ರಂದು ‘ಅಕ್ವೇರಿಯಸ್’ ಹಡಗಿನವರು ಇಂತಹ ಒಂದು ದೋಣಿಯನ್ನು ತಲುಪಿದಾಗ ಅದರ ತಳದಲ್ಲಿ, ಇಂಧನ ನಿಂತ ಕೆಸರಿನಲ್ಲಿ, 22 ಶವಗಳಿದ್ದವು. 21 ಹೆಂಗಸರು, ಒಬ್ಬ ಗಂಡಸು.

ಪೆಟ್ರೋಲಿನಿಂದಾಗುವ ಈ ಗಾಯವನ್ನು ನಾನು ‘ಸುಟ್ಟ ಗಾಯ’ ಎಂದ ಕೂಡಲೇ ಎಲ್ಲರೂ ಕೇಳುವುದು, ದೋಣಿಗೆ ಬೆಂಕಿ ಹತ್ತಿತ್ತೇ ಎಂದು. ಇಲ್ಲ. ಇಲ್ಲಿ ಬೆಂಕಿಯೇ ಇಲ್ಲ. ಸ್ಪಾರ್ಕ್ ಪ್ಲಗ್ಗು, ಬೇರಿಂಗುಗಳನ್ನು ದಿನವೂ ಪೆಟ್ರೋಲಿನಲ್ಲಿ ತೊಳೆಯುವ ಗ್ಯಾರೇಜ್ ಹುಡುಗನ ಕೈ ನೋಡಿದ್ದೀರಾ? ಬೆಳ್ಳಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಚರ್ಮವನ್ನು ಕಾಯುವ ಜಿಡ್ಡಿನ ಪದರವನ್ನು ಪೆಟ್ರೋಲ್ ಕರಗಿಸುತ್ತದೆ. ಅವನ ಕೈ ಪೆಟ್ರೋಲಿನಲ್ಲಿರುವುದು ಕೆಲವೇ ನಿಮಿಷ, ಆಮೇಲೆ ಗಾಳಿಗೆ ಆರುತ್ತದೆ. ಈಗ ಬಿಗಿಯಾದ ಜೀನ್ಸ್ ತೊಟ್ಟು, ಅದೇ ಪೆಟ್ರೋಲಿನಲ್ಲಿ ಹತ್ತು ಹನ್ನೆರಡು ಗಂಟೆ ಅಲುಗಾಡದೆ ಕುಳಿತ ಹೆಂಗಸನ್ನು ಊಹಿಸಿ. ಬಟ್ಟೆ ಪೆಟ್ರೋಲನ್ನು ಹೀರಿ ಮೈಗೆ ಒತ್ತಿ ಹಿಡಿದಿರುತ್ತದೆ, ಆರಲು ಬಿಡುವುದಿಲ್ಲ. ಪೃಷ್ಠ, ತೊಡೆ, ಜನನಾಂಗದ ಚರ್ಮ ಮೊದಲು ಕೆಂಪಾಗಿ, ಬೊಬ್ಬೆ ಎದ್ದು, ಕೊನೆಗೆ ಒದ್ದೆ ಕಾಗದದಂತೆ ಸುಲಿದು ಬರುತ್ತದೆ. ದೋಣಿಯಿಂದ ಎತ್ತಿ ತಂದರೂ ಇದು ನಿಲ್ಲುವುದಿಲ್ಲ. ಆ ಬಟ್ಟೆ ಮೈಮೇಲೆ ಇರುವ ಪ್ರತಿ ನಿಮಿಷವೂ ಗಾಯ ಆಳಕ್ಕೆ ಇಳಿಯುತ್ತದೆ.

ಈಗ ಆ ಹಾಳೆಯ ವಿಷಯ. ಅದು ತಾನಾಗಿ ಶಾಖ ಕೊಡುವ ವಸ್ತುವಲ್ಲ. ತೆಳು ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಲೇಪ, ಅಷ್ಟೇ. ಗಾಳಿಯನ್ನು ತಡೆಯುತ್ತದೆ, ಮೈಯಿಂದ ಹೊರಡುವ ಶಾಖವನ್ನು ಹಿಂದಕ್ಕೆ ತಿರುಗಿಸುತ್ತದೆ. ಒಳಗೆ ಒದ್ದೆ ಬಟ್ಟೆ ಇದ್ದರೆ ಇದ್ದಬದ್ದ ಶಾಖವನ್ನು ಅದೇ ಹೀರುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಬರೀ ನೀರಿದ್ದರೆ ನೀವು ಮಾಡಿದ್ದು ಅರ್ಧ ಉಪಕಾರ. ಪೆಟ್ರೋಲ್ ಇದ್ದರೆ ಅದರ ಆವಿಯನ್ನೂ ಮೈಗೇ ಕಟ್ಟಿಹಾಕಿದಿರಿ. ಬಟ್ಟೆ ಕಳಚಿ, ತೊಳೆದು, ಒರೆಸಿ, ಒಣಬಟ್ಟೆ ತೊಡಿಸಿ, ಆಮೇಲೆ ಬೇಕಾದರೆ ಹೊದಿಸಿ. ಕ್ರಮ ಇದು. ಇದನ್ನು ತಲೆಕೆಳಗು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಈ ಪಾಠವನ್ನು ನಾನು ಕಲಿತದ್ದು ಸಮುದ್ರದಲ್ಲಿ ಅಲ್ಲ, ರಾಯಚೂರು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ, ಹೌಸ್ ಸರ್ಜನ್ ಆಗಿದ್ದಾಗ. ಹತ್ತಿ ಹೊಲಕ್ಕೆ ಔಷಧ ಹೊಡೆಯುವಾಗ ಬೆನ್ನ ಮೇಲಿನ ಕ್ಯಾನು ಸೋರಿ ಮೈಯೆಲ್ಲ ತೊಯ್ದ ಒಬ್ಬ ರೈತನನ್ನು ರಾತ್ರಿ ಕರೆತಂದಿದ್ದರು. ಬಾಯಲ್ಲಿ ಜೊಲ್ಲು, ಸೂಜಿಮೊನೆಯಷ್ಟು ಕಣ್ಣಿನ ಪಾಪೆ. ನಾನು ಪುಸ್ತಕದಲ್ಲಿ ಇದ್ದಂತೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡುತ್ತಲೇ ಇದ್ದೆ. ಸ್ವಲ್ಪ ಸುಧಾರಿಸುತ್ತಿದ್ದ, ಮತ್ತೆ ಕುಸಿಯುತ್ತಿದ್ದ. ವಾರ್ಡಿನ ಆಯಮ್ಮ ಕತ್ತರಿ ಹಿಡಿದು ಬಂದು, “ಡಾಕ್ಟರಮ್ಮ, ವಿಷ ಇನ್ನೂ ಅಂಗಿಯಲ್ಲೇ ಇದೆಯಲ್ಲ” ಎಂದರು. ಅಂಗಿ, ಬನಿಯನ್ನು, ಉಡಿದಾರ ಎಲ್ಲವನ್ನೂ ಕತ್ತರಿಸಿ, ಸೋಪು ಹಚ್ಚಿ, ಕೂದಲ ಬುಡದವರೆಗೆ ತೊಳೆದರು. ಆತ ಬದುಕಿದ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಗೊತ್ತಿರುವ ವಿದ್ಯೆ. ಅದಕ್ಕೇ ನಮ್ಮವರು ಇದನ್ನು ಮರೆತಾಗ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಇನ್ನೊಂದು ಎಚ್ಚರ. ಈ ರೋಗಿಗಳು ಕೂಗುವುದಿಲ್ಲ. ಪೆಟ್ರೋಲಿನ ಆವಿ ಕುಡಿದು ಮಂಪರು ಕವಿದಿರುತ್ತದೆ, ಚಳಿಗೆ ಮೈ ಮರಗಟ್ಟಿರುತ್ತದೆ. ಕಾಲು ಮುರಿದ ಯುವಕ ಅರಚುತ್ತಾನೆ, ಎಲ್ಲರೂ ಅವನ ಸುತ್ತ ಸೇರುತ್ತಾರೆ. ಮೂಲೆಯಲ್ಲಿ ತೂಕಡಿಸುತ್ತಿರುವ ಹೆಂಗಸು ದಣಿದು ಮಲಗಿದ್ದಾಳೆ ಎಂದುಕೊಳ್ಳುತ್ತಾರೆ. ಆಕೆಯ ಹತ್ತಿರ ಹೋಗಿ ಮೂಸಿ ನೋಡಿ. ಅರ್ಧ ಗಂಟೆಯಲ್ಲಿ ನಿಮ್ಮ ಮೂಗೇ ಆ ವಾಸನೆಗೆ ಒಗ್ಗಿಹೋಗುತ್ತದೆ, ಹಾಗಾಗಿ ಆಗಷ್ಟೇ ಒಳಗಿನಿಂದ ಬಂದ ಬೇರೊಬ್ಬರಿಂದಲೂ ಮೂಸಿಸಿ.

ತೊಳೆಯಲು ಸಿಹಿನೀರು, ಸೋಪು, ಸಾಧ್ಯವಾದರೆ ಉಗುರುಬೆಚ್ಚಗೆ, ಕನಿಷ್ಠ 15–20 ನಿಮಿಷ. ಹಡಗಿನಲ್ಲಿ ನೀರು ಕಡಿಮೆ ಎಂದು ಇಲ್ಲಿ ಉಳಿಸಬೇಡಿ. ಮಕ್ಕಳು ಬೇಗ ತಣ್ಣಗಾಗುತ್ತಾರೆ, ಕಣ್ಣಿಟ್ಟಿರಿ. ಮುಲಾಮು ಬಳಿಯುವ ಆತುರ ಬೇಡ. ಇದು ಮೊದಲ ಗಂಟೆಯ ಮಾತು ಮಾತ್ರ. ಗಾಯದ ವಿಸ್ತಾರ, ದ್ರವದ ಲೆಕ್ಕ, ಯಾರನ್ನು ಹೆಲಿಕಾಪ್ಟರಿನಲ್ಲಿ ಕಳಿಸಬೇಕು ಎಂಬುದನ್ನು ನಿಮ್ಮ ಹಡಗಿನ ವೈದ್ಯರು ತಮ್ಮ ನಿಯಮದಂತೆ ತೀರ್ಮಾನಿಸಲಿ. 2023ರಿಂದ ಇಟಲಿಯ ನಿಯಮದಂತೆ ಒಂದು ರಕ್ಷಣೆ ಮುಗಿಸಿದ ಹಡಗು ತಡಮಾಡದೆ ಗೊತ್ತುಪಡಿಸಿದ ಬಂದರಿಗೆ ಹೊರಡಬೇಕು. ಆ ಬಂದರು ಎಷ್ಟೋ ಸಲ ರವೆನ್ನಾ, ಜಿನೋವಾದಂತಹ ದೂರದ ಉತ್ತರದ ಊರು. ದಕ್ಷಿಣದ ಸಿಸಿಲಿ ದ್ವೀಪ ಹತ್ತಿರವಿದ್ದರೂ ದಿನಗಟ್ಟಲೆ ಪಯಣ. ಸುಲಿದ ಚರ್ಮದವರಿಗೆ ಆ ದಿನಗಳು ಹೇಗಿರುತ್ತವೆ ಎಂಬುದನ್ನು ನಿಯಮ ಬರೆದವರು ಒಮ್ಮೆ ಬಂದು ನೋಡಬೇಕು. ಮೊದಲ ಗಂಟೆಯಲ್ಲಿ ನೀವು ಉಳಿಸಿದ ಚರ್ಮವೇ ಆ ದಾರಿಯುದ್ದಕ್ಕೂ ಅವರಿಗೆ ಆಸರೆ.

ಹೆಂಗಸರು ಬಟ್ಟೆ ಬಿಚ್ಚಲು ಒಪ್ಪುವುದಿಲ್ಲ ಎಂದು ಬರೆಯುತ್ತಾರೆ. ಪರದೆ ಕಟ್ಟಿ. ಒಳಗೆ ಹೆಂಗಸರು ಮಾತ್ರ ಇರಲಿ. ಏಕೆ ತೊಳೆಯಬೇಕು ಎಂದು ಅವರ ಭಾಷೆಯಲ್ಲಿ ಹೇಳಿಸಿ. ಬಾಂಗ್ಲಾದೇಶ, ಪಾಕಿಸ್ತಾನದಿಂದ ಬಂದವರ ಜೊತೆ ನನ್ನ ಹರಕು ಹಿಂದಿಯೂ ಎಷ್ಟೋ ಕೆಲಸ ಮಾಡಿದೆ. ಲಿಬಿಯಾದ ಬಂಧನ ಕೇಂದ್ರಗಳಲ್ಲಿ ಏನೇನು ಅನುಭವಿಸಿ ಬಂದಿರುತ್ತಾರೋ, ಬಲವಂತದ ಕೈ ಮಾತ್ರ ಸಲ್ಲದು. ನಾಚಿಕೆ, ಭಯ ಎರಡೂ ನಿಜ. ಆದರೆ ಕಾರಣ ಯಾವಾಗಲೂ ಅದೇ ಆಗಿರುವುದಿಲ್ಲ.

ನೈಜೀರಿಯಾದ ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು, ಎಲ್ಲವನ್ನೂ ಬಿಚ್ಚಿ ಪ್ಯಾಂಟನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ನಾಚಿಕೆ ಎಂದುಕೊಂಡು ಬೆನ್ನು ತಿರುಗಿಸಿ ನಿಂತೆ. ಜೊತೆಗಿದ್ದ ದುಭಾಷಿ ನನಗಿಂತ ಜಾಣೆ, “ಅದರಲ್ಲಿ ಏನಿದೆ, ತಂಗಿ?” ಎಂದು ಕೇಳಿದಳು. ಸೊಂಟಪಟ್ಟಿಯ ಹೊಲಿಗೆಯೊಳಗೆ, ಬಟ್ಟೆಯ ಚೂರಿನ ಮೇಲೆ, ಇಟಲಿಯಲ್ಲಿದ್ದ ಅಣ್ಣನ ಫೋನ್ ನಂಬರ್ ಇತ್ತು. ಅಂದಿನಿಂದ ನಾನು ಯಾರ ಬಟ್ಟೆಯನ್ನೂ ಹೊಲಿಗೆ ತಡವಿ ನೋಡದೆ ಎಸೆದಿಲ್ಲ. ಪ್ರತಿಯೊಬ್ಬರಿಗೂ ನಂಬರ್ ಹಾಕಿದ ಒಂದು ಚೀಲ. ಅಂದು ಕತ್ತರಿಯಿಂದ ಹೊಲಿಗೆ ಬಿಡಿಸಿ ನೋಡಿದಾಗ ಪೆಟ್ರೋಲಿಗೆ ಪೆನ್ನಿನ ಶಾಯಿ ಹರಡಿತ್ತು. ಒಂದು ಅಂಕಿ 3 ಇರಬಹುದು, 8 ಇರಬಹುದು. ಎರಡು ಬಗೆಯಲ್ಲೂ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳಿಗೆ ಓದಿ ಹೇಳಿದೆವು. ಆಮೇಲೆ ಪ್ಯಾಂಟನ್ನು ನಮ್ಮ ಕೈಗೆ ಕೊಟ್ಟು ನೀರಿನ ಕೆಳಗೆ ನಿಂತಳು.