ತುಕ್ಕು ರೋಗ ಏನನ್ನೂ ಕಲಿತಿಲ್ಲ

ಮಳೆಗಾಲ ಮುಗಿಯುತ್ತಿದ್ದಂತೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ನಾಲ್ಕಾರು ಎಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಬಳಿಗೆ ಬರುತ್ತಾರೆ. ಎಲೆಯ ಅಡಿಯಲ್ಲಿ ಬೆರಳಿಗೆ ಅಂಟುವ ಕಿತ್ತಳೆ ಬಣ್ಣದ ಪುಡಿಯನ್ನು ಕಂಡ ಮೇಲೆ ಅದು ಎಲೆ ತುಕ್ಕು ರೋಗವೆಂದು ನಾನು ಅವರಿಗೆ ಹೇಳಬೇಕಾಗಿಲ್ಲ. ಆದರೆ ಅದರ ಹಿಂದೆಯೇ ಬರುವ ಮಾತನ್ನು ಮಾತ್ರ ಇಪ್ಪತ್ತು ವರ್ಷಗಳಿಂದ ತಿದ್ದುತ್ತಲೇ ಇದ್ದೇನೆ: ‘ಗಿಡ ಶಕ್ತಿ ಕಳ್ಕೊಂಡಿದೆ, ರೋಗ ಔಷಧಿಗೆ ಒಗ್ಗಿ ಬುದ್ಧಿ ಕಲ್ತಿದೆ, ಡಾಕ್ಟ್ರೇ.’

ಒಗ್ಗುವುದೆಂದರೆ ಏನೆಂದು ನಮಗೆಲ್ಲ ಗೊತ್ತು. ದಿನವೂ ಸಾರಾಯಿ ಕುಡಿಯುವವನಿಗೆ ಮೊದಲಿನ ಒಂದು ಲೋಟ ಸಾಲದೆ ಎರಡು ಬೇಕಾಗುತ್ತದೆ. ಬದಲಾದದ್ದು ಅವನದೇ ದೇಹ. ತುಕ್ಕು ರೋಗದ ವಿಷಯದಲ್ಲೂ ಹೀಗೆಯೇ ನಡೆಯುತ್ತದೆಂದು ನಂಬಿದ ಬೆಳೆಗಾರರು ಶಿಫಾರಸು ಮಾಡಿದ ಪ್ರಮಾಣದ ಎರಡು ಪಟ್ಟು ಔಷಧಿಯನ್ನು ಹೊಡೆಯುತ್ತಾರೆ, ಇಲ್ಲವೇ ‘ಒಂದು ವರ್ಷ ಬಿಟ್ಟು ಹೊಡೆದರೆ ಅದು ಮರೆಯುತ್ತದೆ’ ಎಂದು ಕೈಕಟ್ಟಿ ಕೂರುತ್ತಾರೆ. ಎರಡಕ್ಕೂ ಮೂಲ ಒಂದೇ ತಪ್ಪು ತಿಳಿವಳಿಕೆಯಾದ್ದರಿಂದ ಅದನ್ನೇ ಇಲ್ಲಿ ಸಾವಕಾಶವಾಗಿ ಬಿಡಿಸಿ ಹೇಳುತ್ತೇನೆ.

ಕಾಫಿ ಕಾಳನ್ನು ಸಂಸ್ಕರಿಸಿ ದರ್ಜೆಗಳಾಗಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋದವರು ಜರಡಿಗಳನ್ನು ನೋಡಿರುತ್ತಾರೆ. ‘ಎ’ ದರ್ಜೆಯ ಜರಡಿಯ ರಂಧ್ರ 6.65 ಮಿಲಿಮೀಟರ್, ಅದಕ್ಕಿಂತ ಸಣ್ಣ ಕಾಳು ಕೆಳಗೆ ಬೀಳುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಹತ್ತು ನಿಮಿಷ ಆಡಿಸಿದ ಮೇಲೆ ಜರಡಿಯ ಮೇಲಿನ ರಾಶಿಯನ್ನು ಅಳೆದರೆ ಕಾಳಿನ ಸರಾಸರಿ ಗಾತ್ರ ಹೆಚ್ಚಾಗಿರುತ್ತದೆ. ಹಾಗಾದರೆ ಯಾವ ಕಾಳು ಬೆಳೆಯಿತು? ಯಾವುದೂ ಬೆಳೆಯಲಿಲ್ಲ. ಬದಲಾದದ್ದು ರಾಶಿ. ನಿಸರ್ಗದ ಆಯ್ಕೆಯೆಂದರೆ ಇದೇ; ಆದರೆ ಜರಡಿಯ ಮೇಲಿನ ಕಾಳು ಮರಿ ಹಾಕುವುದಿಲ್ಲ, ಜೀವಿಗಳು ತಮ್ಮಂಥವನ್ನೇ ಹುಟ್ಟಿಸುತ್ತವೆ ಎಂಬ ಒಂದು ದೊಡ್ಡ ವ್ಯತ್ಯಾಸವನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಲೆಕ್ಕಕ್ಕೆಂದು ಒಂದು ಸಂಖ್ಯೆಯನ್ನು ಊಹಿಸಿಕೊಳ್ಳೋಣ. ರೋಗನಿರೋಧಕ ತಳಿಯ ಎಲೆಗಳ ಮೇಲೆ ತುಕ್ಕು ತರುವ ಶಿಲೀಂಧ್ರದ ಒಂದು ಲಕ್ಷ ಬೀಜಕಣಗಳು ಬಂದು ಕೂರುತ್ತವೆ. ಎಲೆಯ ಮೇಲೆ ನೀರಿನ ಪಸೆ ಇದ್ದರೆ ಅವು ಮೊಳೆತು, ಅಡಿಭಾಗದ ಪತ್ರರಂಧ್ರಗಳ ಮೂಲಕ ಒಳಗೆ ಇಳಿಯುತ್ತವೆ. ಗಿಡ ಅವುಗಳನ್ನು ಗುರುತಿಸಿ ಅಲ್ಲಿಯೇ ತಡೆಯುತ್ತದೆ, 99,999 ಸಾಯುತ್ತವೆ. ಗಿಡದ ಗುರುತಿಗೆ ಸಿಗದ ಒಂದೇ ಒಂದು ಉಳಿಯುತ್ತದೆ. ಮೂರರಿಂದ ಐದು ವಾರಗಳಲ್ಲಿ ಅದು ಒಂದು ಚುಕ್ಕೆಯಾಗಿ, ಮುಂದಿನ ತಿಂಗಳುಗಳಲ್ಲಿ ಆ ಚುಕ್ಕೆಯಿಂದ ಲಕ್ಷಗಟ್ಟಲೆ ಬೀಜಕಣಗಳು ಉದುರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ತಾಯಿಯ ಗುಣವನ್ನೇ ಹೊತ್ತಿರುತ್ತವೆ. ಸತ್ತವುಗಳ ಜಾಗ ಖಾಲಿಯಾಗಿದೆ, ಪೈಪೋಟಿಯೂ ಇಲ್ಲ. ತೋಟದವರ ಕಣ್ಣಿಗೆ ರೋಗ ‘ಬದಲಾಗಿದೆ’. ಆದರೆ ಸತ್ತ 99,999ರಲ್ಲಿ ಒಂದೂ ಏನನ್ನೂ ಕಲಿಯಲಿಲ್ಲ, ಉಳಿದದ್ದಕ್ಕೆ ಕಲಿಯುವ ಅಗತ್ಯವೇ ಇರಲಿಲ್ಲ.

ಆ ಒಂದಕ್ಕೆ ಆ ಗುಣ ಬಂದದ್ದೆಲ್ಲಿಂದ? ವಂಶವಾಹಿಯ ನಕಲು ತೆಗೆಯುವಾಗ ಆಗುವ ಸಣ್ಣ ತಪ್ಪಿನಿಂದ, ಅಂದರೆ ಉತ್ಪರಿವರ್ತನೆಯಿಂದ. ಬೇಕು ಎಂದಾಗ ಅದು ಆಗುವುದಿಲ್ಲ. ಬೇಕೋ ಬೇಡವೋ ಆಗುತ್ತಲೇ ಇರುತ್ತದೆ. ಇದು ಕೇವಲ ನಂಬಿಕೆಯಲ್ಲ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಮಕಮಲ್ ಬಟ್ಟೆಯನ್ನು ಒತ್ತಿ, ಅದರ ಅಚ್ಚನ್ನು ಸ್ಟ್ರೆಪ್ಟೊಮೈಸಿನ್ ಇದ್ದ ತಟ್ಟೆಗಳಿಗೆ ಇಳಿಸಿದರು. ಬದುಕುಳಿದವು ಯಾವ ಜಾಗದಲ್ಲಿದ್ದವೋ ಮೂಲ ತಟ್ಟೆಯ ಅದೇ ಜಾಗದಿಂದ, ಔಷಧಿಯ ಸೋಂಕೇ ಇಲ್ಲದೆ ನಿರೋಧಕ ಬ್ಯಾಕ್ಟೀರಿಯಾವನ್ನು ಅವರು ಆರಿಸಿ ತೆಗೆದರು. ಔಷಧಿ ಬರುವ ಮೊದಲೇ ಅವು ಅಲ್ಲಿದ್ದವು.

ನಮ್ಮ ಜಿಲ್ಲೆಯ ಕಾಫಿಯ ಚರಿತ್ರೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಪ್ಲಾಂಟರ್ ಕೆಂಟ್ ತಮ್ಮ ತೋಟದಲ್ಲಿ ಆರಿಸಿದ, ತುಕ್ಕು ತಾಗದ ಗಿಡಗಳ ಸಂತತಿ ‘ಕೆಂಟ್ಸ್’ ಎಂಬ ಹೆಸರಿನಲ್ಲಿ ಎಲ್ಲೆಡೆ ಹಬ್ಬಿತು. ಒಂದೇ ತಳಿ ಸಾವಿರಾರು ಎಕರೆಗೆ ಹರಡಿದಾಗ, ಅದನ್ನು ದಾಟಬಲ್ಲ ತುಕ್ಕಿಗೆ ಎಂಥ ಊಟ ಬಡಿಸಿದಂತಾಯಿತೆಂದು ಯೋಚಿಸಿ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ ಅವರು ತುಕ್ಕು ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ರೋಗತಳಿಗಳಿವೆ ಎಂದು 1930ರ ದಶಕದ ಆರಂಭದಲ್ಲಿಯೇ ತೋರಿಸಿದರು. ಇಂದು ಜಗತ್ತಿನಲ್ಲಿ 50ಕ್ಕೂ ಹೆಚ್ಚು ಇಂಥ ತಳಿಗಳನ್ನು ಗುರುತಿಸಲಾಗಿದೆ. ಲೈಬೀರಿಕಾ ಎಂಬ ಬೇರೊಂದು ಕಾಫಿ ಜಾತಿಯ ಒಂದು ನಿರೋಧಕ ಗುಣವನ್ನು ಹೊತ್ತ, 1940ರ ದಶಕದಲ್ಲಿ ಬಂದ ಸೆಲೆಕ್ಷನ್ 795 ಎಂಬ ಕಾಫಿ ತಳಿ ಬಹುಕಾಲ ನಿಂತಿತು. ಅದನ್ನು ತಾಗಬಲ್ಲ ರೋಗತಳಿಗಳೂ ಕಾಲಕ್ರಮದಲ್ಲಿ ಕಾಣಿಸಿಕೊಂಡವು. ಕೆಂಟ್ಸ್ ಗಿಡ ತನ್ನ ಶಕ್ತಿಯನ್ನು ಕಳೆದುಕೊಳ್ಳಲಿಲ್ಲ. ಎದುರಿಗಿದ್ದ ರಾಶಿ ಬೇರೆಯಾಯಿತು.

‘ಸೆಲೆಕ್ಷನ್’ ಎಂಬ ಮಾತು ನಮ್ಮವರ ಬಾಯಲ್ಲಿ ತಳಿಯ ಹೆಸರಾಗಿಯೇ ನೆಲೆಸಿರುವುದರಿಂದ ಆಯ್ಕೆ ಮಾಡುವವರೊಬ್ಬರು ಇರಲೇಬೇಕೆಂಬ ಭಾವನೆ ಸಹಜ. ಡಾರ್ವಿನ್ನನಿಗೂ ಈ ಆಕ್ಷೇಪ ಎದುರಾಗಿತ್ತು. ತನ್ನ ‘ಆರಿಜಿನ್ ಆಫ್ ಸ್ಪೀಶೀಸ್’ ಪುಸ್ತಕದ 1861ರ ಆವೃತ್ತಿಯಲ್ಲಿ ಅವನು ಅದಕ್ಕೆ ಉತ್ತರ ಬರೆದ. 795ನ್ನು ಬಾಳೆಹೊನ್ನೂರಿನಲ್ಲಿ ಮನುಷ್ಯರು ಆರಿಸಿದರು. ತುಕ್ಕನ್ನು ಆರಿಸಿದ್ದು ನಾವು ನೆಟ್ಟ ಗಿಡ ಮತ್ತು ನಾವು ಹೊಡೆದ ಔಷಧಿ, ಅದೂ ನಮಗೆ ಅರಿವಿಲ್ಲದೆ.

ಔಷಧಿಯ ವಿಷಯಕ್ಕೆ ಬರುತ್ತೇನೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 200 ಲೀಟರ್ ನೀರು ಸೇರಿದ ಶೇಕಡಾ 0.5ರ ಬೋರ್ಡೋ ದ್ರಾವಣ ಇಂದಿಗೂ ಕೆಲಸ ಮಾಡುತ್ತಿರುವುದಕ್ಕೆ ಕಾರಣವಿದೆ: ತಾಮ್ರ ಬೀಜಕಣದೊಳಗೆ ಹಲವು ಕಡೆ ಏಕಕಾಲಕ್ಕೆ ಪೆಟ್ಟು ಕೊಡುತ್ತದೆ, ಅಷ್ಟೂ ಕಡೆ ತಪ್ಪಿಸಿಕೊಳ್ಳುವ ಗುಣಗಳು ಒಂದೇ ಕಣದಲ್ಲಿ ಕೂಡಿಬರುವುದು ತೀರಾ ಅಪರೂಪ. ಎಲೆಯೊಳಗೆ ಇಳಿಯುವ ಹೊಸ ಔಷಧಿಗಳಲ್ಲಿ ಅನೇಕವು ಒಂದೇ ಕಿಣ್ವವನ್ನು ಹಿಡಿಯುತ್ತವೆ. ಅವು ಒಳ್ಳೆಯ ಔಷಧಿಗಳೇ, ಆದರೆ ಅದೊಂದನ್ನೇ ವರ್ಷವರ್ಷವೂ ಬಳಸಿದರೆ ಒಂದೇ ರಂಧ್ರದ ಜರಡಿಯನ್ನು ಮತ್ತೆ ಮತ್ತೆ ಆಡಿಸಿದಂತೆ. ನಿಜವಾಗಿಯೂ ನಿರೋಧಕವಾದ ಕಣಕ್ಕೆ ಎರಡು ಪಟ್ಟು ಹೊಡೆದರೂ, ಅದರ ಪಕ್ಕದ ಸಾಧು ಕಣಗಳು ಸತ್ತು ಅದಕ್ಕೆ ಜಾಗ ಆಗುವುದೇ ಹೆಚ್ಚು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ತೋಟದಲ್ಲಿ ತುಕ್ಕು ಹೆಚ್ಚಾದಾಗಲೆಲ್ಲ ಹೊಸ ರೋಗತಳಿ ಬಂದಿದೆಯೆಂದು ಅರ್ಥವಲ್ಲ. ಮುಂಗಾರಿಗೆ ಮುಂಚಿನ ಸಿಂಪಡಣೆ ತಪ್ಪಿರಬಹುದು, ದ್ರಾವಣ ಎಲೆಯ ಅಡಿಗೆ ತಲುಪದೇ ಇರಬಹುದು, ಮಿಶ್ರ ತೋಟದ ಬೀಜದಿಂದ ಸಸಿಗಳ ಗುಣ ಕಲಸಿಹೋಗಿರಬಹುದು. ರೋಗತಳಿಯನ್ನು ನಿರ್ಧರಿಸಲು ಗೊತ್ತಾದ ನಿರೋಧಕ ಗುಣಗಳುಳ್ಳ ಬೇರೆ ಬೇರೆ ಗಿಡಗಳ ಮೇಲೆ ಪರೀಕ್ಷಿಸಬೇಕು. ಕವರಿನಲ್ಲಿ ತಂದ ಎಲೆಯನ್ನು ನೋಡಿ ನಾನೂ ಹೇಳಲಾರೆ.

ಕಳೆದ ವರ್ಷ ಆಲ್ದೂರಿನ ಹತ್ತಿರದ ಹಿರಿಯ ಗೌಡರೊಬ್ಬರಿಗೆ ಇದನ್ನೆಲ್ಲ ಅವರು ಕಾಫಿ ಒಣಗಿಸುವ ಕಣದಲ್ಲಿಯೇ ಕುಳಿತು ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ನನ್ನನ್ನು ಇಳಿಜಾರಿನ ಬ್ಲಾಕಿಗೆ ಕರೆದೊಯ್ದರು. ಸುತ್ತಲಿನ ಗಿಡಗಳು ಎಲೆ ಉದುರಿಸಿ ಬರಿಕಡ್ಡಿಯಾಗಿದ್ದವು. ನಡುವೆ ಒಂದು ಗಿಡ ಮಾತ್ರ ಹಸಿರಾಗಿತ್ತು, ಅದರ ಕಾಂಡಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ‘ಇದ್ರ ಬೀಜದಲ್ಲಿ ಸಸಿ ಮಾಡ್ಲಾ, ಡಾಕ್ಟ್ರೇ?’ ಎಂದರು. ಕೆಂಟ್ ಮಾಡಿದ್ದೂ ಇದನ್ನೇ ಎಂದೆ. ಒಂದೇ ವರ್ಷದ ಹಸಿರು ನೆರಳಿನಿಂದಲೋ ಅದೃಷ್ಟದಿಂದಲೋ ಆಗಿರಬಹುದು, ಇನ್ನೂ ಎರಡು ಮಳೆಗಾಲ ಕಾದು ನೋಡಿ, ಬೀಜ ತೆಗೆದರೂ ಇಡೀ ಬ್ಲಾಕಿಗೆ ಅದೊಂದನ್ನೇ ನೆಡಬೇಡಿ ಎಂದೂ ಹೇಳಿದೆ. ಅವರು ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದರು.